ಎರಡೂ ಹೆಗಲಿಗೆ ಸುಣ್ಣ

“ಇಷ್ಟು ನಿಧಾನ ಬೇಡ,” ಎಂದಳು ಉಡಮ್ಮ. “ಅವತ್ತು ನೀವು ಇಷ್ಟು ಒಳ್ಳೆಯವರಾಗಿರಲಿಲ್ಲ.”

ಹಳೇ ಊರಿನ ಹೆಬ್ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದ ತಾಯಿ, ಮಗ ಇಬ್ಬರೂ ಗಕ್ಕನೆ ನಿಂತರು. ಹಿಂದೆ ಹಳದಿ ಸ್ವೆಟರ್ ತೊಟ್ಟ ಹುಡುಗಿ ಎಡಗಾಲು ಎಳೆಯುತ್ತಾ ಬರುತ್ತಿದ್ದಳು. ಅವಳು ಹತ್ತಿರ ಬರಲಿ ಎಂದು ಕಾಯುವ ಹಾಗೆ ಇಬ್ಬರೂ ಮುಖ ಮಾಡಿಕೊಂಡರು.

“ಕಾಯಬೇಡಿ ಅಂದೆ. ಅವತ್ತು ಹೇಗೆ ನಡೆದ್ರೋ ಹಾಗೇ ನಡೀಬೇಕು. ಎಲ್ಲಿ ನಕ್ಕಿದ್ರೋ ಇವತ್ತೂ ಅಲ್ಲೇ ನಗಬೇಕು.”

ಹೋದ ತಿಂಗಳು ಈ ಊರು ನೋಡಲು ಬಂದಿದ್ದ ಒಬ್ಬ ಕುಂಟುಗಾಲಿನ ಹೆಂಗಸು ಕಾವಲು ಗೋಪುರದಿಂದ ಹಾರಿ ಸತ್ತಳೆಂದು ಪೊಲೀಸರು ಷರಾ ಬರೆದು ಕೈ ತೊಳೆದುಕೊಂಡಿದ್ದರು. ಹಾರಿದ್ದಲ್ಲ, ಕೊಂದದ್ದು ಎಂದು ಅವಳ ತಂಗಿ ಉಡಮ್ಮನ ಬಾಗಿಲು ತಟ್ಟಿದ್ದಳು.

ಈ ಕಥೆಯಲ್ಲಿ ಎಲ್ಲರಿಗೂ ಸತ್ತವಳ ಕಡೆಯಿಂದಲೇ ಗುರುತು. ಮುಂದೆ ನಿಂತ ಕನ್ನಡಕದ ಅಂಗಡಿಯವನು ಅವಳ ಗಂಡ. ಪಕ್ಕದಲ್ಲಿ ಬೀಸಣಿಗೆ ಹಿಡಿದ ದಪ್ಪ ಹೆಂಗಸು ಅತ್ತೆ. ಅಕ್ಕ ಅವತ್ತು ತೊಟ್ಟಿದ್ದಂಥದೇ ಹಳದಿ ಸ್ವೆಟರ್ ತೊಟ್ಟು ಇವತ್ತು ಅವಳ ಜಾಗದಲ್ಲಿ ನಡೆಯುತ್ತಿರುವವಳು ತಂಗಿ. ಮಡಿಸಿದ ಕೊಡೆಯನ್ನು ಬಾವುಟದ ಹಾಗೆ ಎತ್ತಿ ಹಿಡಿದವನು ಅವತ್ತಿನ ಅದೇ ಗೈಡ್.

ಉಡಮ್ಮನಿಗೆ ಮಾತ್ರ ಆ ಹೆಸರು ಬಂದದ್ದು ಪೊಲೀಸ್ ಠಾಣೆಯಿಂದ. ಉಡದ ಪಟ್ಟು ಅಂದರೆ ಏನೆಂದು ಅಲ್ಲಿನ ಕಳ್ಳರಿಗಿಂತ ಅಲ್ಲಿನ ಸಾಹೇಬರಿಗೇ ಚೆನ್ನಾಗಿ ಗೊತ್ತಿತ್ತು. ನೌಕರಿ ಬಿಟ್ಟು ಖಾಸಗಿ ಪತ್ತೇದಾರಿ ಹಿಡಿದ ಮೇಲೂ ಹೆಸರು ಬಿಡಲಿಲ್ಲ. ಅವಳಿಗೂ ಬಿಡುವ ಮನಸ್ಸಿರಲಿಲ್ಲ.

ಇವತ್ತು ಒಂದೇ ದಿನ ಅವಳ ಕೈಯಲ್ಲಿತ್ತು. ಸತ್ತವಳಿಗೆ ಒಂದು ಹೆಣ್ಣು ಮಗು. ತಂಗಿಯ ದೂರು ಇತ್ಯರ್ಥವಾಗುವ ತನಕ ಎಂದು ಅದನ್ನು ಮಕ್ಕಳ ಆಶ್ರಮದಲ್ಲಿ ಇಟ್ಟಿದ್ದರು. ಸಂಜೆ ಅದನ್ನು ಅಪ್ಪನಿಗೆ ಒಪ್ಪಿಸುವುದೋ, ಚಿಕ್ಕಮ್ಮನಿಗೆ ಒಪ್ಪಿಸುವುದೋ ಎಂಬುದು ಉಡಮ್ಮನ ಮಾತಿನ ಮೇಲೆ ನಿಂತಿತ್ತು. ಠಾಣೆಯ ಅಧಿಕಾರಿ ಒಂದು ಕಾಲಕ್ಕೆ ಅವಳ ಕೈಕೆಳಗೆ ಪಳಗಿದವನು. ಹೆಬ್ಬಾಗಿಲ ಹೊರಗೆ ಜೀಪಿನಲ್ಲಿ ಕೂತು ಕಾಯುತ್ತಿದ್ದ.

ಉಡಮ್ಮ ಯಾರಿಗೂ ಮಾತು ಕೊಡುವವಳಲ್ಲ. ಆದರೆ ಬೆಳಿಗ್ಗೆ ಆ ತಂಗಿಯ ಊದಿದ ಕಣ್ಣು ನೋಡಿ ಬಾಯಿ ತಪ್ಪಿ ಹೇಳಿಬಿಟ್ಟಿದ್ದಳು: “ಸಂಜೆ ಮಗು ನಿನ್ನ ಮಡಿಲಲ್ಲಿರುತ್ತೆ. ನನ್ನ ಮೇಲೆ ಬಿಡು.”

ಹೇಳಿದ ಮೇಲೆ ಒಂದು ಕೆಟ್ಟ ಕೆಲಸವನ್ನೂ ಮಾಡಿದ್ದಳು. ಹೆಬ್ಬಾಗಿಲ ಕಟ್ಟೆಯ ಮೇಲೆ ಹುಡುಗಿಯನ್ನು ಕೂರಿಸಿ, ನೆಲದಲ್ಲಿ ಹುಡುಕಿ ಮೊನಚಾದ ಒಂದು ಕಲ್ಲು ಆರಿಸಿ, ಅವಳ ಎಡಗಾಲಿನ ಶೂ ಒಳಗೆ ಹಾಕಿದ್ದಳು.

“ಅಕ್ಕನ ಹಾಗೆ ಕುಂಟಬೇಕಲ್ಲ. ನೋವಿದ್ರೇನೇ ನಡಿಗೆ ನಿಜವಾಗಿ ಬರೋದು. ತೆಗೀಬಾರದು.”

“ತೆಗೆಯಲ್ಲ ಅಕ್ಕ,” ಎಂದಿದ್ದಳು ತಂಗಿ, ಕಣ್ಣು ಮುಚ್ಚಿ ಶೂ ಲೇಸು ಬಿಗಿಯುತ್ತಾ.

ಉಡಮ್ಮ ಮುಖ ಆಚೆ ತಿರುಗಿಸಿಕೊಂಡಿದ್ದಳು. ಆದರೂ ಕಲ್ಲು ತೆಗೆಯಲಿಲ್ಲ.

ಗೈಡ್ ಕೊಡೆ ಎತ್ತಿದ. ಗಾಡಿಚಕ್ರ ಸವೆಸಿದ ಕಲ್ಲುಹಾಸಿನ ಮೇಲೆ ಎಲ್ಲರೂ ಹೊರಟರು.

“ಇದು ಕಂಚುಗಾರರ ಬೀದಿ. ಇದು ಹಳೇ ನ್ಯಾಯಸ್ಥಾನ. ಇಲ್ಲಿ ತೀರ್ಪಾದರೆ ಅಲ್ಲಿ, ಆ ಎದುರಿನ ಕಂಬಕ್ಕೆ ಕಟ್ಟಿ…” ಅವನ ಬಾಯಿ ತಾನಾಗಿಯೇ ಓಡುತ್ತಿತ್ತು. ಊರು ನೋಡಲು ಬಂದವರು ಆ ಕಂಬಕ್ಕೆ ಒರಗಿ, ನಾಲಿಗೆ ಹೊರಗೆ ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕೊಂದವರ ಹೆಸರಿನಲ್ಲಿ ಈ ಊರಿಗೆ ಎಷ್ಟೋ ಬೀದಿಗಳು; ಸತ್ತವರ ಹೆಸರಿನಲ್ಲಿ ಒಂದು ಮೋರಿಯೂ ಇರಲಿಲ್ಲ.

ಬೀದಿ ಇಕ್ಕಟ್ಟಾಗುತ್ತಾ ಹೋದ ಹಾಗೆ ತಾಯಿ ಮಗನ ನಟನೆ ಸಡಿಲವಾಯಿತು. ಕಾಲಿಗೆ ಅದರದೇ ನೆನಪಿರುತ್ತದೆ. ಮೊದಲು ಗಂಡನ ಹೆಜ್ಜೆ ಉದ್ದವಾಯಿತು. ಆಮೇಲೆ ಅತ್ತೆ, ಆ ದೇಹ ಹೊತ್ತುಕೊಂಡು, ದಾಪುಗಾಲು ಹಾಕಿದಳು. ತಂಗಿ ದೂರ ಉಳಿದಳು. ಟಕ್, ಸರ್ರ್, ಟಕ್, ಸರ್ರ್ ಎಂದು ಅವಳ ಕಾಲಿನ ಸದ್ದು ಹಿಂದೆ ಬರುತ್ತಿತ್ತು.

ಮುಚ್ಚಿದ ಬಾವಿಯ ಹತ್ತಿರ ಬೀದಿ ಕವಲಾಗುವಲ್ಲಿ ಅತ್ತೆ ಮಗನ ತೋಳು ಹಿಡಿದು ಎಳೆದಳು. ಇಬ್ಬರೂ ಕಲ್ಲುಕಂಬದ ಮರೆಗೆ ಸರಿದರು.

ತಂಗಿ ಬಾವಿಯ ಹತ್ತಿರ ಬಂದು ನಿಂತಳು. ಎಡಕ್ಕೆ ನೋಡಿದಳು. ಬಲಕ್ಕೆ ನೋಡಿದಳು. ಯಾರೂ ಇಲ್ಲ. ಕಂಬದ ಹಿಂದೆ ಅತ್ತೆ ಬೀಸಣಿಗೆಯಿಂದ ಬಾಯಿ ಮುಚ್ಚಿಕೊಂಡು ಕಿಸಕ್ಕೆಂದು ನಕ್ಕಳು. ನಕ್ಕ ಮೇಲೆ ಇವತ್ತು ಎಂಥ ದಿನ ಎಂಬುದು ನೆನಪಾಗಿ ಮುಖ ಸಪ್ಪಗೆ ಮಾಡಿದಳು.

“ಅವತ್ತೂ ಇಲ್ಲೇ ಅಡಗಿದ್ರಾ?” ಉಡಮ್ಮ ಕೇಳಿದಳು.

“ಅಯ್ಯೋ, ಏನೋ ತಮಾಷೆಗಮ್ಮ. ಪೇಟೆಗೆ ಹೋದ್ರೂ ಹಾಗೇ ಆಡ್ತಿದ್ವಿ. ಕುಂಟ್ಕೊಂಡು ಕುಂಟ್ಕೊಂಡು ನಮ್ಮನ್ನ ಹುಡುಕೋಳು. ಅವಳೂ ನಗ್ತಿದ್ಲು.”

“ನಗ್ತಿದ್ಲಾ?”

“ನಗದೆ ಇನ್ನೇನ್ ಮಾಡ್ತಾಳೆ?”

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಈ ಬೆಕ್ಕು ಬೀಸಣಿಗೆ ಬೀಸಿಕೊಳ್ಳುತ್ತಾ, ಬಿಸಿಲು ಜಾಸ್ತಿ ಆಯಿತು, ಎಲ್ಲಾದರೂ ಕೂರೋಣ ಎಂದಿತು. ಅದರ ಕೆನ್ನೆಗೆ ಒಂದು ಬಿಗಿಯಬೇಕು ಎನ್ನುವಷ್ಟು ಸಿಟ್ಟು ಬಂತು ಉಡಮ್ಮನಿಗೆ. ಕೈಯನ್ನು ಕೋಟಿನ ಜೇಬಿಗೆ ತುರುಕಿದಳು.

“ಆಮೇಲೆ?”

ಗೈಡ್ ಹೇಳಿದ. “ಆಮೇಲೆ ಅಮ್ಮನ್ನ ಆ ಸೋಡಾ ಅಂಗಡಿ ಬೆಂಚಿನ ಮೇಲೆ ಕೂರಿಸಿದ್ವಿ. ಸಾರ್ ಅವರು, ಕರ್ಕೊಂಡು ಬರ್ತೀನಿ ಅಂತ ಕೋಟೆ ಗೋಡೆ ಕಡೆ ಹಿಂದಕ್ಕೆ ಹೋದ್ರು. ಒಬ್ಬರೇ ವಾಪಸ್ ಬಂದ್ರು. ಆಮೆ ಬರ್ತಾ ಇದೆ, ನಾವು ನಡೆಯೋಣ ಅಂದ್ರು. ನಾವಿಬ್ಬರೂ ಗೋಪುರದ ಅಂಗಳಕ್ಕೆ ಹೋದ್ವಿ.”

“ಸರಿ. ಅಮ್ಮ ಬೆಂಚಿನ ಮೇಲೆ ಕೂರಲಿ. ನೀವೂ ಇಲ್ಲೇ ಇರಿ ಸಾರ್, ಒಂದು ಸೋಡಾ ಕುಡಿದು ಬನ್ನಿ. ನೀನು ನಡಿಯಪ್ಪಾ ನನ್ನ ಜೊತೆ.” ತಂಗಿಯ ಕಡೆ ತಿರುಗಿ, “ನೀನು ಮೆಲ್ಲಗೆ ಬಾ,” ಎಂದಳು.

ಗೋಪುರ ಕೋಟೆ ಗೋಡೆಯ ಮೂಲೆಯಲ್ಲಿತ್ತು. ಈಚೆ ಅಂಗಳ, ಆಚೆ ನೀರು ಬತ್ತಿದ ಕಂದಕ. ಹತ್ತುವ ಬಾಗಿಲು ಗೋಪುರದ ಬೆನ್ನಿಗಿತ್ತು, ಅಂಗಳದಲ್ಲಿ ನಿಂತವರಿಗೆ ಕಾಣುತ್ತಿರಲಿಲ್ಲ. ಅದರ ಪಕ್ಕದಲ್ಲೇ ಕಂದಕಕ್ಕೆ ಇಳಿಯುವ ಇನ್ನೊಂದು ಸಣ್ಣ ಬಾಗಿಲು.

“ಇಲ್ಲೇ ನಿಂತಿದ್ವಿ. ಸಾರ್ ಸಿಗರೇಟ್ ಹಚ್ಚಿದ್ರು. ಅವತ್ತು ಬೆಳಿಗ್ಗೆಯಷ್ಟೇ ಮೆಟ್ಟಿಲ ಗೋಡೆಗೆ ಸುಣ್ಣ ಬಳಿದಿದ್ರು. ಹಸಿ ಇತ್ತು. ಯಾರನ್ನೂ ಬಿಡಬಾರದು ಅಂತ ಬಾಗಿಲಿಗೆ ಹಗ್ಗ ಕಟ್ಟಿದ್ವಿ. ಅದಕ್ಕೇ ಮೇಲೆ ಯಾರೂ ಇರಲಿಲ್ಲ. ಇದ್ದಕ್ಕಿದ್ದ ಹಾಗೆ ನೋಡಿದ್ರೆ ಹಳದಿ ಸ್ವೆಟರ್! ಕೈ ಬೀಸ್ತು.”

“ಮುಖ ನೋಡಿದ್ಯಾ?”

“ಅಷ್ಟು ಎತ್ತರದಲ್ಲಿ ಮುಖ ಎಲ್ಲಿ ಕಾಣುತ್ತೆ ಮೇಡಂ? ಸಾರೇ ಅಂದ್ರು, ನೋಡಯ್ಯಾ, ಕುಂಟಿ ಗೋಪುರ ಹತ್ತಿಬಿಟ್ಲು ಅಂತ. ನಾನೂ ನಕ್ಕೆ.” ಅವನ ದನಿ ಇಳಿಯಿತು. “ಆಮೇಲೆ ಸ್ವಲ್ಪ ಹೊತ್ತು ಕಾಣಲಿಲ್ಲ. ಎಲ್ಲಿ ಹೋದ್ರು ಅಂತ ಗೋಡೆ ಮೇಲಿಂದ ಬಗ್ಗಿ ನೋಡಿದ್ವಿ. ಕಂದಕದಲ್ಲಿ ಬಿದ್ದಿದ್ರು.”

ಉಡಮ್ಮ ಗೋಪುರದ ಬೆನ್ನಿಗೆ ಹೋಗಿ ಬಾಗಿಲಲ್ಲಿ ಬಗ್ಗಿ ನೋಡಿದಳು. ಒಳಗೆ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ ಕತ್ತಲೆ.

“ನೀನು ಏನೂ ಹೇಳಬೇಡ. ಬಾಯಿ ಮುಚ್ಕೊಂಡಿರು. ನಾನೊಬ್ಬಳೇ ಹತ್ತಿ ನೋಡ್ತೀನಿ.”

ಮೆಟ್ಟಿಲು ಬಲಕ್ಕೆ ಸುತ್ತುತ್ತಾ ಮೇಲೇರುತ್ತಿತ್ತು. ಬಲಗಡೆ ನಡುಗಂಬದ ಹತ್ತಿರ ಮೆಟ್ಟಿಲು ಹೆಬ್ಬೆರಳಿಗೂ ಸಾಲದಷ್ಟು ಕಿರಿದು. ಎಡಗಡೆ ಹೊರಗೋಡೆಗೆ ಒತ್ತಿಕೊಂಡೇ ಹತ್ತಬೇಕು. ಬೇರೆ ದಾರಿ ಇಲ್ಲ. ಅವಳು ಒತ್ತಿಕೊಂಡೇ ಹತ್ತಿದಳು. ಅರ್ಧ ದಾರಿಯಲ್ಲಿ, ಬೆಳಕು ಪೂರ್ತಿ ಸತ್ತ ತಿರುವಿನಲ್ಲಿ, ಹಣೆಗೆ ಕಲ್ಲೊಂದು ಠಪ್ಪೆಂದು ಬಡಿಯಿತು.

ಕಣ್ಣಲ್ಲಿ ನಕ್ಷತ್ರ ಕಂಡವು. ತಡವಿ ನೋಡಿದಳು. ಒಂದು ಅಡ್ಡಗಲ್ಲು, ಮನುಷ್ಯರ ಹಣೆಗೆಂದೇ ಅಳತೆ ಮಾಡಿ ಇಟ್ಟಂತಿತ್ತು. ಬೈದುಕೊಂಡು ತುದಿ ಮುಟ್ಟಿ, ಸುತ್ತ ನೋಡಿ, ಇಳಿದು ಬಂದಳು.

ಬಾಗಿಲಲ್ಲಿ ಗೈಡ್ ಅವಳ ಹಣೆ ನೋಡಿ ನಾಲಿಗೆ ಕಚ್ಚಿಕೊಂಡ. “ಬಿತ್ತಾ? ಹೊಸಬರು ಯಾರು ಹೋದ್ರೂ ಅಲ್ಲಿ ಒಂದು ಏಟು ಬೀಳಲೇಬೇಕು. ಹಿಂದಿನ ಕಾಲದಲ್ಲಿ ಶತ್ರುಗಳು ಓಡಿ ಬಂದ್ರೆ ಬೀಳಲಿ ಅಂತಲೇ ಇಟ್ಟಿದ್ದಂತೆ. ಅದಕ್ಕೇ ನಾನು ಪ್ರತಿ ಸಲ ಇಲ್ಲಿಂದಲೇ ‘ತಲೆ, ತಲೆ’ ಅಂತ ಕೂಗ್ತೀನಿ. ಇವತ್ತು ನೀವೇ ಬಾಯಿ ಮುಚ್ಕೊಂಡಿರು ಅಂದ್ರಿ.”

“ಯಾರಿಗೂ ಹೇಳಬೇಡ,” ಎಂದು ಉಡಮ್ಮ ಮುಂಗೂದಲನ್ನು ಹಣೆಯ ಮೇಲೆ ಎಳೆದುಕೊಂಡಳು. ಉಡಮ್ಮ ಕಲ್ಲಿಗೆ ತಲೆ ಚಚ್ಚಿಕೊಂಡಳು ಎಂದು ಠಾಣೆಯಲ್ಲಿ ವರ್ಷಾನುಗಟ್ಟಲೆ ನಗುವವರಿದ್ದರು.

ಕೋಟು ಕೊಡವಿಕೊಳ್ಳಲು ಕೈ ಎತ್ತಿದವಳು ಹಾಗೇ ನಿಂತಳು. ಕಪ್ಪು ಕೋಟಿನ ಎಡ ಹೆಗಲು ಬೆಳ್ಳಗಾಗಿತ್ತು. ಬಲ ಹೆಗಲೂ ಬೆಳ್ಳಗಾಗಿತ್ತು.

ಹತ್ತುವಾಗ ಹೊರಗೋಡೆ ಎಡಕ್ಕೆ. ಇಳಿಯುವಾಗ ಬಲಕ್ಕೆ.

ಕೈಚೀಲದಿಂದ ಅವಳು ಸತ್ತವಳ ಸ್ವೆಟರನ್ನು ಹೊರಗೆ ತೆಗೆದಳು. ಆಸ್ಪತ್ರೆಯವರು ಗಂಟು ಕಟ್ಟಿ ತಂಗಿಯ ಕೈಗೆ ಕೊಟ್ಟಿದ್ದ ಬಟ್ಟೆ. ತಂಗಿ ಬಿಚ್ಚಿಯೂ ನೋಡದೆ ಹಾಗೇ ತಂದುಕೊಟ್ಟಿದ್ದಳು. ಕಂದಕದ ಮಣ್ಣು ಒದರಿದರೆ ಉದುರುತ್ತಿತ್ತು. ಹೆಗಲ ಮೇಲಿನ ಬಿಳುಪು ಉದುರುತ್ತಿರಲಿಲ್ಲ. ಹಸಿ ಸುಣ್ಣ ಉಣ್ಣೆಯೊಳಗೆ ಇಳಿದು ಗಟ್ಟಿಯಾಗಿತ್ತು. ಎಡ ಹೆಗಲಲ್ಲಿ. ಬಲ ಹೆಗಲಲ್ಲೂ.

ಗಂಡ ಬಾಯಿ ಒರೆಸಿಕೊಳ್ಳುತ್ತಾ ಅಂಗಳಕ್ಕೆ ಬಂದ. “ಮುಗೀತಾ ಮೇಡಂ?”

“ಈಗ ಶುರು. ನಿಮ್ಮ ಹೆಂಡತಿ ಇಲ್ಲಿ ಸತ್ತು ಬಿದ್ದಿದ್ದು ನೋಡಿದಾಗ ನೀವು ಮೊದಲು ಆಡಿದ ಮಾತು ಯಾವುದು?”

“ನೆನಪಿಲ್ಲ.”

“ಇವನಿಗಿದೆ.”

ಗೈಡ್ ಕೊಡೆಯ ಹಿಡಿಯನ್ನು ತಿರುಗಿಸಿದ. “ಸಾರ್… ‘ಇನ್ನು ಬೇಗ ನಡೀಬಹುದು’ ಅಂದ್ರಿ.”

“ಗಾಬರಿಯಲ್ಲಿ ಏನೋ ಬಂದಿರುತ್ತೆ,” ಎಂದ ಗಂಡ. ಕೆಂಪಾಗಲಿಲ್ಲ, ಕರಗಲಿಲ್ಲ. ಕಣ್ಣಲ್ಲಿ ರಕ್ತ ಇಲ್ಲದವನು.

ಉಡಮ್ಮ ಸ್ವೆಟರನ್ನು ಅವನ ಮುಖದ ಮುಂದೆ ಹರಡಿ ಹಿಡಿದಳು. “ಹತ್ತಿ ಹಾರಿದವಳಿಗೆ ಒಂದೇ ಹೆಗಲಿಗೆ ಸುಣ್ಣ ಆಗಬೇಕು. ಇದಕ್ಕೆ ಎರಡೂ ಕಡೆ ಇದೆ. ಅಂದ್ರೆ ಈ ಸ್ವೆಟರ್ ಹಾಕ್ಕೊಂಡವಳು ಹತ್ತಿದ್ಲು, ಕೈ ಬೀಸಿದ್ಲು, ಸುರಕ್ಷಿತವಾಗಿ ಇಳಿದ್ಲು. ಇಳಿದು ಕಂದಕಕ್ಕೆ ಹೋಗಿ, ಅಲ್ಲಿ ಆಗಲೇ ಬಿದ್ದಿದ್ದ ಹೆಣಕ್ಕೆ ತೊಡಿಸಿದ್ಲು. ಮುರಿದ ಕೈಯನ್ನ ತೋಳಿನೊಳಗೆ ತೂರಿಸಿದ್ಲು. ನೀವು ಕರ್ಕೊಂಡು ಬರ್ತೀನಿ ಅಂತ ಹೋದಾಗಲೇ ಹೆಂಡತಿ ಮೈಮೇಲಿಂದ ಸ್ವೆಟರ್ ಬಿಚ್ಚಿಸ್ಕೊಂಡು, ಅವಳನ್ನ ಗೋಪುರದ ಪಕ್ಕದ ಕೋಟೆ ಗೋಡೆಯಿಂದ ನೂಕಿ, ಸ್ವೆಟರನ್ನ ಆ ಇಳಿದವಳ ಕೈಗೆ ಕೊಟ್ಟಿದ್ದೀರಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಉಡಮ್ಮ ಅವನ ಕೈಗಳನ್ನೇ ನೋಡುತ್ತಿದ್ದಳು. ಅವು ಜೇಬು ಬಿಟ್ಟು ಅಲುಗಲಿಲ್ಲ.

“ಚೆನ್ನಾಗಿದೆ,” ಎಂದ ಅವನು. “ಯಾರು ಆ ಇಳಿದವಳು? ನಾನು ಇವನ ಪಕ್ಕದಲ್ಲಿದ್ದೆ. ಈ ಗೋಪುರ ನಾನು ಹುಟ್ಟಿದ ಮೇಲೆ ಹತ್ತಿಲ್ಲ, ಠಾಣೆಯಲ್ಲೂ ಅದನ್ನೇ ಹೇಳಿದ್ದೀನಿ. ನಮ್ಮಮ್ಮನಿಗೆ ಮನೆ ಮಹಡಿ ಹತ್ತೋಕೇ ಏದುಸಿರು.”

“ಅದನ್ನೇ ನಾನೂ ಹೇಳ್ತಿರೋದು. ನಿಮಗೆ ಇನ್ನೊಬ್ಬಳಿದ್ದಾಳೆ.”

ಈಗ ಅವನ ಮುಖದಲ್ಲಿ ಏನೋ ಸರಿದಾಡಿತು. ಅವನು ಉಡಮ್ಮನ ಭುಜದಾಚೆ ನೋಡಿದ. ಅಂಗಳದ ಕಮಾನಿನಡಿ ತಂಗಿ ಕಾಲೆಳೆಯುತ್ತಾ ಬರುತ್ತಿದ್ದಳು. ಅವಳನ್ನು ನೋಡಿ ಅವನು ಮೆಲ್ಲಗೆ ನಕ್ಕ.

“ಹುಡುಕಿ ಮೇಡಂ. ಸಿಕ್ಕಿದ್ರೆ ನಂಗೂ ಒಂದು ಸಲ ತೋರಿಸಿ.”

ಹೆಂಡತಿಯ ಹಾಗೇ ಕುಂಟುತ್ತಾ ಬರುವವಳನ್ನು ನೋಡಿ ನಗುತ್ತಾನಲ್ಲ, ಎಂಥ ನೀಚ ಎಂದುಕೊಂಡಳು ಉಡಮ್ಮ. ಗೈಡ್‌ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು. “ಹೆಬ್ಬಾಗಿಲಿಗೆ ಓಡು. ಜೀಪಿನಲ್ಲಿರೋ ಸಾಹೇಬರನ್ನ ಕರ್ಕೊಂಡು ಬಾ. ಇವನನ್ನ ಇಲ್ಲಿಂದಲೇ ಎತ್ತಿಸ್ತೀನಿ.”

ಗೈಡ್ ಕೊಡೆ ಕಂಕುಳಿಗೆ ಸಿಕ್ಕಿಸಿ ಓಡಿದ.

ತಂಗಿ ಉಸಿರು ಎಳೆದುಕೊಳ್ಳುತ್ತಾ ಹತ್ತಿರ ಬಂದಳು. ಬಾವನ ಕಡೆ ತಿರುಗಿಯೂ ನೋಡಲಿಲ್ಲ. “ಅಕ್ಕ, ಸಿಕ್ಕಿಬಿದ್ನಾ?”

“ಬಿದ್ದ ಹಾಗೇ. ಅರ್ಧ ಗಂಟು ಬಿಚ್ಚಿದೆ.”

“ಮೇಲೆ ಹೋಗಿ ನೋಡಬೇಕು ನಾನು. ಇಲ್ಲಿಗೆ ಬಂದೇ ಇಲ್ಲ. ಆಸ್ಪತ್ರೆಯಲ್ಲಿ ಮುಖ ನೋಡಿದ್ದಷ್ಟೇ. ಎಲ್ಲಿಂದ ಬಿದ್ಲು ಅಂತ ಜನ ಅಂತಾರೋ ಆ ಜಾಗ ಒಂದ್ಸಲ ನೋಡ್ತೀನಿ.”

ಉಡಮ್ಮ ಅವಳನ್ನು ಗೋಪುರದ ಬೆನ್ನಿಗೆ ಕರೆದುಕೊಂಡು ಹೋದಳು. “ನೀನು ಮುಂದೆ ನಡಿ. ಕಾಲು ತಪ್ಪಿದ್ರೆ ಹಿಡ್ಕೋತೀನಿ.”

ಕತ್ತಲೆಯಲ್ಲಿ ಹತ್ತಿದರು. ಮುಂದೆ ಟಕ್, ಸರ್ರ್, ಟಕ್, ಸರ್ರ್. ಹಳದಿ ಬೆನ್ನು ಮಸುಕಾಗಿ ಕಾಣುತ್ತಿತ್ತು. ಉಡಮ್ಮ ಅವಳಿಗೆ ಹೆಗಲ ಸುಣ್ಣದ ವಿಷಯ ಹೇಳುತ್ತಾ ಬಂದಳು. ತಂಗಿ “ಹೂಂ, ಹೂಂ” ಎನ್ನುತ್ತಿದ್ದಳು. ಮಾತಿನ ಭರದಲ್ಲಿ ಆ ತಿರುವು ಬಂದದ್ದು ಉಡಮ್ಮನಿಗೆ ತಡವಾಗಿ ಹೊಳೆಯಿತು. ತಲೆ ಜೋಪಾನ ಎನ್ನಲು ಬಾಯಿ ತೆರೆದಳು.

ತಂಗಿ ಅಷ್ಟರಲ್ಲಿ ಬಗ್ಗಿದ್ದಳು.

ತಡವರಿಸಲಿಲ್ಲ, ನಿಲ್ಲಲಿಲ್ಲ, ಕೈ ಚಾಚಿ ಮುಟ್ಟಿ ನೋಡಲಿಲ್ಲ. ಕಲ್ಲಿಗೆ ಒಂದು ಮೆಟ್ಟಿಲು ಮೊದಲೇ ತಲೆ ತಗ್ಗಿಸಿ, ದಾಟಿ, ಮತ್ತೆ ನೆಟ್ಟಗಾಗಿ ಹತ್ತಿದಳು. ತಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ ಬಗ್ಗುವವರು ಹಾಗೆ ಬಗ್ಗುತ್ತಾರೆ.

ಉಡಮ್ಮನ ಹಣೆಯ ಗುಬುಟು ಪಟಪಟ ಬಡಿದುಕೊಳ್ಳತೊಡಗಿತು. ಕಾಲು ಮಾತ್ರ ಹತ್ತುತ್ತಾ ಹೋಯಿತು.

ಮೇಲೆ ಬಿಸಿಲು ಕಣ್ಣಿಗೆ ಹೊಡೆಯಿತು. ಮೊಳಕಾಲೆತ್ತರದ ಕಟ್ಟೆ, ಅದರಾಚೆ ಕಂದಕ. ಕೆಳಗೆ ಅಂಗಳದಲ್ಲಿ ಗಂಡ ಒಬ್ಬನೇ ನಿಂತು ಮೇಲೆ ನೋಡುತ್ತಿದ್ದ.

“ಶೂ ಬಿಚ್ಚು,” ಎಂದಳು ಉಡಮ್ಮ.

“ಯಾಕಕ್ಕ?”

“ಬಿಚ್ಚು.”

ತಂಗಿ ಕಟ್ಟೆಯ ಮೇಲೆ ಕೂತು ಎಡಗಾಲಿನ ಶೂ ಬಿಚ್ಚಿ, ಬೋರಲು ಹಾಕಿ ತೋರಿಸಿದಳು. ಏನೂ ಬೀಳಲಿಲ್ಲ.

“ಹೆಬ್ಬಾಗಿಲಲ್ಲೇ ಎಸೆದುಬಿಟ್ಟೆ. ನಂಗೆ ಕಲ್ಲು ಬೇಕಿರಲಿಲ್ಲ ಅಕ್ಕ. ಅವಳ ನಡಿಗೆ ನಂಗೆ ಬಾಯಿಪಾಠ. ಚಿಕ್ಕವಳಿದ್ದಾಗ ಮನೆಗೆ ನೆಂಟರು ಬಂದ್ರೆ, ಅಕ್ಕ ಹೇಗೆ ನಡೀತಾಳೆ ಮಾಡಿ ತೋರ್ಸು ಮರಿ ಅಂತಿದ್ರು ನಮ್ಮಪ್ಪ. ಎಲ್ಲರೂ ಬಿದ್ದು ಬಿದ್ದು ನಗೋರು.” ಅವಳು ಶೂವನ್ನು ಪಕ್ಕಕ್ಕಿಟ್ಟಳು. “ಅವಳೂ ನಗ್ತಿದ್ಲು.”

“ನೀನು ಇಲ್ಲಿಗೆ ಮೊದಲೇ ಬಂದಿದ್ದೀಯ.”

ತಂಗಿ ತಲೆ ಎತ್ತಿ ನೋಡಿದಳು. ಬೆಳಿಗ್ಗೆಯ ಊದಿದ ಕಣ್ಣುಗಳೇ ಅವು. ಅತ್ತದ್ದೂ ನಿಜವೇ ಇರಬೇಕು. ಅದೇ ಉಡಮ್ಮನಿಗೆ ಹೆಚ್ಚು ಹೇಸಿಗೆಯಾಯಿತು.

“ಮಗು ನಿಂಗೇ ಕೊಡ್ತೀನಿ, ನೀನೇ ಸಾಕು ಅಂದಿದ್ದ ಬಾವ. ಎಲ್ಲಾ ಆದ್ಮೇಲೆ ಕೈ ಎತ್ತಿಬಿಟ್ಟ. ಅವನನ್ನ ಹಿಡಿಯೋಕೆ ನಿಮ್ಮಷ್ಟು ಗಟ್ಟಿಗರು ಬೇರೆ ಇಲ್ಲ ಅಂತ ಎಲ್ಲರೂ ಹೇಳಿದ್ರು. ಹಿಡಿದ್ರಿ. ಅಲ್ಲಿಗೇ ನಿಲ್ಲಿಸಿಬಿಡಿ ಅಕ್ಕ.” ಅವಳು ಉಡಮ್ಮನ ಮುಂಗೂದಲನ್ನು ಮೆಲ್ಲಗೆ ಸರಿಸಿ ಗುಬುಟನ್ನು ನೋಡಿದಳು. “ಅಯ್ಯೋ, ಜೋರಾಗಿ ಬಿದ್ದಿದೆ. ನಂಗೂ ಮೊದಲನೇ ಸಲ ಹೀಗೇ ಆಗಿತ್ತು.”

ಆ ಬೆರಳುಗಳು ತಣ್ಣಗಿದ್ದವು.

“ಸಂಜೆ ಮಗು ನಂಗೇ ತಾನೆ? ನೀವು ಮಾತು ಕೊಟ್ಟಿದ್ದೀರಿ.”

ಉಡಮ್ಮ ಕೆಳಗೆ ನೋಡಿದಳು. ಅಂಗಳ ಖಾಲಿಯಾಗಿತ್ತು.

ಗೋಪುರದ ಹೊಟ್ಟೆಯೊಳಗಿಂದ ಹೆಜ್ಜೆ ಸದ್ದು ಬಂತು. ಯಾರೋ ಎರಡೆರಡು ಮೆಟ್ಟಿಲು ಹಾರುತ್ತಾ ಹತ್ತುತ್ತಿದ್ದರು. ಕೂಗಿ ಎಚ್ಚರಿಸಲು ಗೈಡ್ ಇರಲಿಲ್ಲ. ಹುಟ್ಟಿದ ಮೇಲೆ ಈ ಗೋಪುರ ಹತ್ತಿಲ್ಲ ಎಂದಿದ್ದ ಅವನು.

ಬೆಳಗಿನಿಂದ ಯಾವ ಮನುಷ್ಯನ ಕೊರಳಿಗೆ ಹಗ್ಗ ಬಿಗಿಯಲು ಒದ್ದಾಡಿದ್ದಳೋ, ಅವನ ತಲೆ ಆ ಕಲ್ಲಿಗೆ ಬಡಿಯಲಿ ಎಂದು ಉಡಮ್ಮ ಉಸಿರು ಹಿಡಿದು ಹಾರೈಸಿದಳು. ಬಡಿದರೆ ಅವನು ಹೊಸಬ; ಅವನ ಬಗ್ಗೆ ಈ ಹುಡುಗಿ ಹೇಳಿದ್ದೆಲ್ಲ ಸುಳ್ಳಿರಬಹುದು; ಆ ಮಗುವಿಗೆ ಕೊನೆಗೆ ಒಬ್ಬ ಅಪ್ಪನಾದರೂ ಉಳಿಯುತ್ತಾನೆ. ಒಂದೇ ಒಂದು ಏಟು ಸಾಕಿತ್ತು.

ಹೆಜ್ಜೆಗಳು ತಿರುವಿಗೆ ಬಂದವು. ತಿರುವು ದಾಟಿದವು. ಅದೇ ವೇಗದಲ್ಲಿ ಮೇಲೆ ಬಂದವು. ನಡುವೆ ಎಲ್ಲೂ ತಲೆ ಬಡಿದ ಸದ್ದಾಗಲಿಲ್ಲ.

ತಂಗಿ ಶೂ ಹಾಕಿಕೊಂಡು ಎದ್ದು ಹೆಜ್ಜೆ ಮುಂದಿಟ್ಟಳು. ಈಗ ಅವಳು ಕುಂಟುತ್ತಿರಲಿಲ್ಲ.